ಶ್ವೇತಭವನದ ಸಿಬ್ಬಂದಿ ಮತ್ತು ಪಕ್ಷದ ರಾಷ್ಟ್ರೀಯ ಸಮಿತಿ: ನಿಕ್ಸನ್ ಅವಧಿಯ ಮರುಪರಿಶೀಲನೆ

ಅಮೆರಿಕದ ಅಧ್ಯಕ್ಷರಿಗೂ ಅವರವರ ಪಕ್ಷಕ್ಕೂ ಇದ್ದ ನಂಟು ಯಾವಾಗ ಸಡಿಲವಾಯಿತು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ತಕರಾರಿಲ್ಲ. 1939ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧ್ಯಕ್ಷರ ಕಾರ್ಯಾಲಯವನ್ನು ಸ್ಥಾಪಿಸಿ ತಮ್ಮದೇ ಸಿಬ್ಬಂದಿಯನ್ನು ಕಟ್ಟಿಕೊಂಡರು. ಅಂಚೆ ಇಲಾಖೆಯ ಮಂತ್ರಿಯೂ ಡೆಮಾಕ್ರಟಿಕ್ ರಾಷ್ಟ್ರೀಯ ಸಮಿತಿಯ ಮುಖ್ಯಸ್ಥರೂ ಆಗಿದ್ದ ಜೇಮ್ಸ್ ಫಾರ್ಲಿಯವರ ಮೂಲಕ ನಡೆಯುತ್ತಿದ್ದ ಶಿಫಾರಸು, ನೇಮಕಾತಿ, ಚುನಾವಣಾ ಲೆಕ್ಕಾಚಾರಗಳೆಲ್ಲ ಮೆಲ್ಲಗೆ ಶ್ವೇತಭವನದೊಳಕ್ಕೆ ಸರಿದವು. ಮೂರನೆಯ ಅವಧಿಯ ಪ್ರಶ್ನೆ ಎದ್ದಾಗ, 1940ರಲ್ಲಿ, ಫಾರ್ಲಿ ಹೊರನಡೆದರು. ಸಿಡ್ನಿ ಮಿಲ್ಕಿಸ್ 1993ರಲ್ಲಿ ಪ್ರಕಟಿಸಿದ 'ದಿ ಪ್ರೆಸಿಡೆಂಟ್ ಅಂಡ್ ದಿ ಪಾರ್ಟೀಸ್' ಈ ಬೆಳವಣಿಗೆಯನ್ನು ಆಧುನಿಕ ಅಧ್ಯಕ್ಷ ಪದವಿಯ ಲಕ್ಷಣವೆಂದೇ ಪ್ರತಿಪಾದಿಸಿತು. ಆಡಳಿತಯಂತ್ರ ಬಲಗೊಂಡಷ್ಟೂ ಪಕ್ಷ ಸೊರಗಿತು ಎಂಬುದು ಅಲ್ಲಿನ ವಾದದ ತಿರುಳು.

ಈ ವಾದವನ್ನು ಬಲವಾಗಿ ಅಲುಗಾಡಿಸಿದವರು ಡೇನಿಯಲ್ ಗ್ಯಾಲ್ವಿನ್. 2010ರ 'ಪ್ರೆಸಿಡೆನ್ಷಿಯಲ್ ಪಾರ್ಟಿ ಬಿಲ್ಡಿಂಗ್' ಗ್ರಂಥದಲ್ಲಿ ಅವರು ಐಸೆನ್‌ಹೋವರ್‌ರಿಂದ ಕಿರಿಯ ಬುಷ್‌ವರೆಗಿನ ದಾಖಲೆಗಳನ್ನು ಜಾಲಾಡಿ ಎಲ್ಲ ಅಧ್ಯಕ್ಷರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪೆಂದು ತೋರಿಸಿದರು. ರಿಪಬ್ಲಿಕನ್ ಅಧ್ಯಕ್ಷರು ಅಲ್ಪಸಂಖ್ಯಾತ ಪಕ್ಷದ ನಾಯಕರಾಗಿದ್ದರಿಂದ ಪಕ್ಷವನ್ನು ಕಟ್ಟಿದರು. ಡೆಮಾಕ್ರಟಿಕ್ ಅಧ್ಯಕ್ಷರಿಗೆ ಬಹುಮತ ಕೈಯಲ್ಲೇ ಇದ್ದುದರಿಂದ ಆ ಗೋಜಿಗೆ ಹೋಗಲಿಲ್ಲ. ಗ್ಯಾಲ್ವಿನ್ ಅವರ ಪಟ್ಟಿಯಲ್ಲಿ ರಿಚರ್ಡ್ ನಿಕ್ಸನ್ ಕೂಡ ಪಕ್ಷ ಕಟ್ಟಿದವರ ಸಾಲಿನಲ್ಲಿದ್ದಾರೆ. ಒಟ್ಟಾರೆ ಸಿದ್ಧಾಂತದ ಬಗ್ಗೆ ನನಗೆ ಹೇಳಬೇಕಾದದ್ದು ಕಡಿಮೆ. ಐಸೆನ್‌ಹೋವರ್ ಕುರಿತ ಅವರ ತೀರ್ಮಾನಗಳು ಬಹುಮಟ್ಟಿಗೆ ನಿಲ್ಲುತ್ತವೆ. ಆದರೆ ನಿಕ್ಸನ್ ಅವರನ್ನು ಅದೇ ಸಾಲಿನಲ್ಲಿ ಕೂರಿಸಬೇಕಾದರೆ 'ಪಕ್ಷ' ಎಂಬುದರ ಅಳತೆಗೋಲನ್ನೇ ಹಿಗ್ಗಿಸಬೇಕಾಗುತ್ತದೆ. ನನ್ನ ಆಕ್ಷೇಪ ಇರುವುದು ಇಲ್ಲಿ.

ಗ್ಯಾಲ್ವಿನ್ ಎಣಿಸುವುದು ಹೂಡಿಕೆಯನ್ನು: ಅಭ್ಯರ್ಥಿಗಳ ಹುಡುಕಾಟ, ಕಾರ್ಯಕರ್ತರ ತರಬೇತಿ, ಹಣ ಸಂಗ್ರಹ, ಹೊಸ ಮತದಾರ ವರ್ಗಗಳನ್ನು ಸೆಳೆಯುವ ಯೋಜನೆಗಳು. ಇವೆಲ್ಲ ನಿಕ್ಸನ್ ಕಾಲದಲ್ಲಿ ನಡೆದವೆಂಬುದು ನಿಜ. ಆದರೆ ಹೂಡಿಕೆ ಬೇರೆ, ಹತೋಟಿ ಬೇರೆ. ರಾಷ್ಟ್ರೀಯ ಸಮಿತಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಮತಪತ್ರದಲ್ಲಿ ಪಕ್ಷದ ಹೆಸರಿನಡಿ ನಿಲ್ಲುವ ಸಾವಿರಾರು ಜನರನ್ನು, ಸೆನೆಟ್‌ನಿಂದ ಹಿಡಿದು ಕೌಂಟಿ ಷರೀಫನವರೆಗೆ. ಶ್ವೇತಭವನದ ಸಿಬ್ಬಂದಿಗೆ ಇರುವುದು ಒಬ್ಬನೇ ಅಭ್ಯರ್ಥಿ. ಇಬ್ಬರ ಹಿತವೂ ಒಂದಾಗಿದ್ದಾಗ ಹೂಡಿಕೆ ಯಾರದೆಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಹಿತಗಳು ಬೇರೆಯಾದಾಗ ಯಾರ ಮಾತು ನಡೆಯಿತು ಎಂಬುದನ್ನು ನೋಡಿದರೆ ಮಾತ್ರ ಪಕ್ಷ ಕಟ್ಟುವ ಕೆಲಸ ನಡೆದಿತ್ತೇ ಇಲ್ಲವೇ ಎಂಬುದು ತಿಳಿಯುತ್ತದೆ.

ಅಂಥ ಸಂದರ್ಭಗಳು ಮೊದಲ ವರ್ಷದಿಂದಲೇ ಸಿಗುತ್ತವೆ. 1964ರ ಹೀನಾಯ ಸೋಲಿನ ಬಳಿಕ ರಿಪಬ್ಲಿಕನ್ ರಾಷ್ಟ್ರೀಯ ಸಮಿತಿಯನ್ನು ತಳಮಟ್ಟದಿಂದ ಎತ್ತಿ ನಿಲ್ಲಿಸಿದವರು ಓಹಾಯೋದ ರೇ ಬ್ಲಿಸ್. ಸಂಘಟನೆ ಬಿಟ್ಟು ಬೇರೇನೂ ಗೊತ್ತಿಲ್ಲದ ಮನುಷ್ಯ ಎಂದೇ ಅವರನ್ನು ಗುರುತಿಸುತ್ತಿದ್ದರು. ನಿಕ್ಸನ್ ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ ಅವರಿಗೆ ಬಾಗಿಲು ತೋರಿಸಲಾಯಿತು. ಬಂದವರು ಕಾಂಗ್ರೆಸ್ ಸದಸ್ಯ ರೋಜರ್ಸ್ ಮಾರ್ಟನ್, 1971ರಲ್ಲಿ ಅವರ ಜಾಗಕ್ಕೆ ಸೆನೆಟರ್ ಬಾಬ್ ಡೋಲ್. ಇಬ್ಬರಿಗೂ ಬೇರೆ ಪೂರ್ಣಾವಧಿ ಹುದ್ದೆಗಳಿದ್ದವು. 1970ರ ಸೆನೆಟ್ ಚುನಾವಣೆಯಲ್ಲಿ ನ್ಯೂಯಾರ್ಕಿನ ಹಾಲಿ ರಿಪಬ್ಲಿಕನ್ ಸೆನೆಟರ್ ಚಾರ್ಲ್ಸ್ ಗುಡೆಲ್ ವಿರುದ್ಧ ಉಪಾಧ್ಯಕ್ಷ ಆಗ್ನ್ಯೂ ಬಹಿರಂಗವಾಗಿಯೇ ಹರಿಹಾಯ್ದರು. ಗೆದ್ದದ್ದು ಕನ್ಸರ್ವೇಟಿವ್ ಪಕ್ಷದ ಜೇಮ್ಸ್ ಬಕ್ಲಿ. ಅದೇ ವರ್ಷ ವರ್ಜೀನಿಯಾದಲ್ಲಿ ರಿಪಬ್ಲಿಕನ್ ಗವರ್ನರ್ ಲಿನ್‌ವುಡ್ ಹೋಲ್ಟನ್ ತಮ್ಮ ಪಕ್ಷದಿಂದ ಅಭ್ಯರ್ಥಿ ನಿಲ್ಲಲೇಬೇಕೆಂದು ಹಟ ಹಿಡಿದರು. ಶ್ವೇತಭವನದ ಒಲವು ಡೆಮಾಕ್ರಟಿಕ್ ಪಕ್ಷ ತೊರೆದು ಸ್ವತಂತ್ರವಾಗಿ ನಿಂತ ಹ್ಯಾರಿ ಬರ್ಡ್ ಕಿರಿಯರ ಕಡೆಗಿತ್ತು. ಬಕ್ಲಿ ಆಮೇಲೆ ಸೆನೆಟ್‌ನಲ್ಲಿ ರಿಪಬ್ಲಿಕನ್ನರ ಜೊತೆಗೇ ಕೂತರೆಂದು ಗ್ಯಾಲ್ವಿನ್ ಪರವಾಗಿ ವಾದಿಸಬಹುದು. ವಾದ ಸರಿಯೇ. ಆದರೆ ಬರ್ಡ್ ಕೂತದ್ದು ಡೆಮಾಕ್ರಟರ ಜೊತೆ.

ಎಲ್ಲಕ್ಕಿಂತ ಸ್ಪಷ್ಟವಾದ ಸಾಕ್ಷ್ಯ 1972ರ ಮಿಸಿಸಿಪ್ಪಿ. ಅಲ್ಲಿ ಡೆಮಾಕ್ರಟಿಕ್ ಸೆನೆಟರ್ ಜೇಮ್ಸ್ ಈಸ್ಟ್‌ಲೆಂಡ್ ವಿರುದ್ಧ ರಿಪಬ್ಲಿಕನ್ ಪಕ್ಷ ಗಿಲ್ ಕಾರ್ಮೈಕಲ್ ಅವರನ್ನು ನಿಲ್ಲಿಸಿತ್ತು. ಈಸ್ಟ್‌ಲೆಂಡ್ 1956ರಿಂದಲೂ ಸೆನೆಟ್ ನ್ಯಾಯಾಂಗ ಸಮಿತಿಯ ಮುಖ್ಯಸ್ಥರು. ಸುಪ್ರೀಂ ಕೋರ್ಟಿಗೆ ನಿಕ್ಸನ್ ಸೂಚಿಸಿದ ಹೇನ್ಸ್‌ವರ್ತ್ 1969ರಲ್ಲಿ, ಕಾರ್ಸ್‌ವೆಲ್ 1970ರಲ್ಲಿ ಸೆನೆಟ್‌ನಲ್ಲಿ ಮುಗ್ಗರಿಸಿದ್ದರು. ಮುಂದಿನ ಹೆಸರುಗಳು ದಡ ಸೇರಬೇಕಾದರೆ ಈಸ್ಟ್‌ಲೆಂಡ್ ಮುನಿಸಿಕೊಳ್ಳದಂತೆ ನೋಡಿಕೊಳ್ಳಬೇಕಿತ್ತು. ಹೀಗಾಗಿ ಆಗ್ನ್ಯೂ ಪ್ರಚಾರಕ್ಕೆಂದು ಜಾಕ್ಸನ್ ನಗರಕ್ಕೆ ಬಂದಾಗ ಸ್ವಪಕ್ಷದ ಸೆನೆಟ್ ಅಭ್ಯರ್ಥಿಗೆ ವೇದಿಕೆಯಲ್ಲಿ ಜಾಗವಿರಲಿಲ್ಲ. ನವೆಂಬರಿನಲ್ಲಿ ಆ ರಾಜ್ಯದ ಸುಮಾರು 78 ಶೇಕಡ ಮತ ನಿಕ್ಸನ್‌ಗೆ ಬಿತ್ತು. ಕಾರ್ಮೈಕಲ್‌ಗೆ 39 ಶೇಕಡ. ರಾಷ್ಟ್ರಮಟ್ಟದ ಚಿತ್ರವೂ ಹೆಚ್ಚು ಬೇರೆಯಲ್ಲ: ನಿಕ್ಸನ್ 49 ರಾಜ್ಯ ಗೆದ್ದರು, ಪಕ್ಷಕ್ಕೆ ಪ್ರತಿನಿಧಿ ಸಭೆಯಲ್ಲಿ ಹೆಚ್ಚಾದದ್ದು 12 ಸ್ಥಾನ, ಸೆನೆಟ್‌ನಲ್ಲಿ ಕಡಿಮೆಯಾದದ್ದು 2. ಇಲ್ಲಿ ಅವಸರದ ತೀರ್ಮಾನ ಸಲ್ಲದು. ಮತದಾರರು ಒಂದೇ ದಿನ ಎರಡು ಪಕ್ಷಗಳಿಗೆ ಮತ ಹಂಚುವ ರೂಢಿ ದಕ್ಷಿಣದಲ್ಲಿ ಮೊದಲೇ ಬೇರೂರಿತ್ತು. ವೇದಿಕೆಯ ಮೇಲೆ ಒಂದು ಕುರ್ಚಿ ಸಿಕ್ಕಿದ್ದರೆ ಕಾರ್ಮೈಕಲ್ ಗೆದ್ದುಬಿಡುತ್ತಿದ್ದರು ಎಂದು ಯಾರೂ ಹೇಳಲಾರರು. ನನಗೆ ಮುಖ್ಯವೆನಿಸುವುದು ಫಲಿತಾಂಶಕ್ಕಿಂತ ಆ ಕುರ್ಚಿ ಯಾರಿಗೆ ಸಲ್ಲಬೇಕೆಂದು ತೀರ್ಮಾನಿಸಿದ ಕೈ ಯಾವುದೆಂಬುದು. ಆ ಕೈ ರಾಷ್ಟ್ರೀಯ ಸಮಿತಿಯದಾಗಿರಲಿಲ್ಲ.

1971ರಲ್ಲಿ ರೂಪುಗೊಂಡ ಅಧ್ಯಕ್ಷರ ಮರುಆಯ್ಕೆ ಸಮಿತಿಯನ್ನು ಈ ಹಿನ್ನೆಲೆಯಲ್ಲೇ ಓದಬೇಕು. ಅದರ ಕಚೇರಿ 1701, ಪೆನ್ಸಿಲ್ವೇನಿಯಾ ಅವೆನ್ಯೂ, ಶ್ವೇತಭವನದಿಂದ ಕೂಗಳತೆ. ರಾಷ್ಟ್ರೀಯ ಸಮಿತಿ ಇದ್ದದ್ದು ಊರಿನ ಇನ್ನೊಂದು ಬದಿಗೆ, ಕ್ಯಾಪಿಟಲ್ ಗುಡ್ಡದ ಮೇಲೆ, ತನ್ನದೇ ಹೊಸ ಕಟ್ಟಡದಲ್ಲಿ. ಮರುಆಯ್ಕೆ ಸಮಿತಿಯನ್ನು ಆರಂಭದಲ್ಲಿ ನಡೆಸಿದ ಜೆಬ್ ಮ್ಯಾಗ್ರೂಡರ್ ಶ್ವೇತಭವನದ ಸಿಬ್ಬಂದಿಯಿಂದಲೇ ಎದ್ದುಹೋದವರು. ಅಲ್ಲಿನ ವರದಿಗಳು ಗಾರ್ಡನ್ ಸ್ಟ್ರಾಕನ್ ಎಂಬ ಸಹಾಯಕರ ಮೂಲಕ ಮುಖ್ಯ ಸಿಬ್ಬಂದಿ ಅಧಿಕಾರಿ ಹಾಲ್ಡೆಮನ್ ಅವರ ಮೇಜಿಗೆ ಬರುತ್ತಿದ್ದವು. ಮಾರಿಸ್ ಸ್ಟಾನ್ಸ್ ನೇತೃತ್ವದಲ್ಲಿ ಸಂಗ್ರಹವಾದ ಹಣ ಸುಮಾರು 6 ಕೋಟಿ ಡಾಲರ್. ಅದರಲ್ಲಿ ದೊಡ್ಡ ಪಾಲು, ದಾನಿಗಳ ಹೆಸರು ಬಯಲು ಮಾಡಬೇಕೆಂಬ ಹೊಸ ಕಾನೂನು 1972ರ ಏಪ್ರಿಲ್ 7ರಂದು ಜಾರಿಗೆ ಬರುವ ಮುನ್ನವೇ ಅವಸರದಲ್ಲಿ ಒಟ್ಟಾದದ್ದು. ಸೆನೆಟ್, ಪ್ರತಿನಿಧಿ ಸಭೆಯ ಅಭ್ಯರ್ಥಿಗಳ ಕಷ್ಟಸುಖಕ್ಕೆ ಆಗುವಂತೆ ಈ ಬೊಕ್ಕಸವನ್ನು ರೂಪಿಸಿರಲಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು, ಎರಡೂ ತೂಕದವು. ಪ್ರಾಥಮಿಕ ಚುನಾವಣೆ ಮುಗಿಯುವ ತನಕ ರಾಷ್ಟ್ರೀಯ ಸಮಿತಿ ತಟಸ್ಥವಾಗಿರಬೇಕು. ನಿಕ್ಸನ್ ಎದುರು ಮೆಕ್‌ಕ್ಲಾಸ್ಕಿ, ಆಶ್‌ಬ್ರೂಕ್ ಇಬ್ಬರೂ ಕಣದಲ್ಲಿದ್ದಾಗ ಬೇರೆ ಸಮಿತಿ ಇಲ್ಲದೆ ನಿರ್ವಾಹವೇ ಇರಲಿಲ್ಲ ಎಂಬುದು ಮೊದಲನೆಯದು. ಒಪ್ಪಿದೆ, ಆದರೆ ಆ ಕಾರಣ ಆಗಸ್ಟಿನ ಮಯಾಮಿ ಬೀಚ್ ಸಮಾವೇಶದೊಂದಿಗೆ ತೀರಿಹೋಯಿತು. ಸಮಿತಿ ಮಾತ್ರ ತೀರಲಿಲ್ಲ. 1952ರ ಐಸೆನ್‌ಹೋವರ್ ಪರ ನಾಗರಿಕ ಸಂಘಟನೆಗಳೂ ಪಕ್ಷದ ಹೊರಗೇ ಇದ್ದವಲ್ಲ ಎಂಬ ಮರುಪ್ರಶ್ನೆಗೆ ಉತ್ತರ ಗ್ಯಾಲ್ವಿನ್ ಅವರಲ್ಲೇ ಇದೆ: ಆ ಉತ್ಸಾಹಿಗಳನ್ನು ಬಳಿಕ ಪಕ್ಷದೊಳಕ್ಕೆ ತರಲು ಐಸೆನ್‌ಹೋವರ್ ಶ್ರಮಿಸಿದರು. ಎರಡನೆಯ ಆಕ್ಷೇಪ ಇನ್ನೂ ಆಳದ್ದು. ಸಿಬ್ಬಂದಿ ಮಾಡಿದ್ದು ನಿಕ್ಸನ್ ಬಯಸಿದ್ದನ್ನೇ. ಹಾಗಿದ್ದ ಮೇಲೆ ಸಿಬ್ಬಂದಿ–ಪಕ್ಷ ಸಂಘರ್ಷ ಎಂಬುದು ಅಧ್ಯಕ್ಷ–ಪಕ್ಷ ಸಂಘರ್ಷಕ್ಕೇ ಇನ್ನೊಂದು ಹೆಸರಲ್ಲವೇ? 1994ರಲ್ಲಿ ಪ್ರಕಟವಾದ ಹಾಲ್ಡೆಮನ್ ದಿನಚರಿ ಓದಿದವರು ಈ ಪ್ರಶ್ನೆಯನ್ನು ತಳ್ಳಿಹಾಕಲಾರರು. ಆಜ್ಞೆಗಳು ಮೇಲಿನಿಂದಲೇ ಬರುತ್ತಿದ್ದವು. ಆದರೂ ಅಧ್ಯಕ್ಷರ ಬಯಕೆ ಒಂದೇ ಆಗಿರಲಿಲ್ಲ. ಹೊಸ ಬಹುಮತ ಕಟ್ಟುವ ಮಾತನ್ನೂ ಅವರು ಆಡುತ್ತಿದ್ದರು, ಅದನ್ನು ಗ್ಯಾಲ್ವಿನ್ ಸರಿಯಾಗಿಯೇ ಗುರುತಿಸಿದ್ದಾರೆ. ಹಲವು ಬಯಕೆಗಳಲ್ಲಿ ಯಾವುದು ಕಾರ್ಯರೂಪಕ್ಕೆ ಇಳಿಯುತ್ತದೆ ಎಂಬುದು ಅಧ್ಯಕ್ಷರ ಕೋಣೆಯೊಳಗೆ ಯಾರಿಗೆ ಪ್ರವೇಶವಿದೆ ಎಂಬುದನ್ನು ಅವಲಂಬಿಸುತ್ತದೆ. ಹಾಲ್ಡೆಮನ್, ಎರ್ಲಿಕ್‌ಮನ್ ಜೋಡಿಯನ್ನು ಪತ್ರಕರ್ತರು ಬರ್ಲಿನ್ ಗೋಡೆ ಎಂದು ಕರೆದದ್ದು ಸುಮ್ಮನೆ ಅಲ್ಲ. ಗೋಡೆಯ ಹೊರಗಿದ್ದವರಲ್ಲಿ ಪಕ್ಷದ ಮುಖ್ಯಸ್ಥರೂ ಒಬ್ಬರು. ಗೆಲುವಿನ ಬೆನ್ನಿಗೇ ಡೋಲ್ ಅವರನ್ನು ಕ್ಯಾಂಪ್ ಡೇವಿಡ್‌ಗೆ ಕರೆಸಿಕೊಳ್ಳಲಾಯಿತು. 1973ರ ಆರಂಭದಲ್ಲಿ ಅವರ ಕುರ್ಚಿಯಲ್ಲಿ ಜಾರ್ಜ್ ಎಚ್. ಡಬ್ಲ್ಯು. ಬುಷ್ ಕೂತಿದ್ದರು. ತಮ್ಮ ಪಕ್ಷದ ರಾಷ್ಟ್ರೀಯ ಸಮಿತಿಗೆ ಇಷ್ಟು ಕಡಿಮೆ ಬೆಲೆ ಕೊಟ್ಟವರು ವಾಟರ್‌ಗೇಟ್ ಕಟ್ಟಡದಲ್ಲಿದ್ದ ಎದುರಾಳಿಗಳ ರಾಷ್ಟ್ರೀಯ ಸಮಿತಿಗೆ ಕನ್ನ ಹಾಕುವಷ್ಟು ಬೆಲೆ ಕೊಟ್ಟರೆಂಬುದು ಇತಿಹಾಸದ ತಮಾಷೆ.

ಇಲ್ಲಿಂದ ಮುಂದಿನ ಮಾತನ್ನು ಎಚ್ಚರದಿಂದಲೇ ಆಡಬೇಕು. 1974ರ ನಂತರ ರಿಪಬ್ಲಿಕನ್ ರಾಷ್ಟ್ರೀಯ ಸಮಿತಿ ಉಳಿದುಕೊಂಡಿದ್ದಕ್ಕೆ, 1977ರಿಂದ ಬಿಲ್ ಬ್ರಾಕ್ ಅದನ್ನು ಮತ್ತೆ ಬಲಪಡಿಸಲು ಸಾಧ್ಯವಾದದ್ದಕ್ಕೆ, ನಿಕ್ಸನ್ ಅವರ ಹೂಡಿಕೆಗಿಂತ ಅವರ ಸಿಬ್ಬಂದಿಯ ತಾತ್ಸಾರವೇ ಹೆಚ್ಚು ನೆರವಾಯಿತು ಎಂದು ನನಗೆ ತೋರುತ್ತದೆ. ಹಣವನ್ನೂ ರಹಸ್ಯಗಳನ್ನೂ ಬೇರೆ ಸಮಿತಿಯಲ್ಲಿ ಇಟ್ಟದ್ದರಿಂದ ಕಳಂಕವೂ ಅಲ್ಲಿಯೇ ಉಳಿಯಿತು. ಹಗರಣಕ್ಕೂ ತಮ್ಮ ಸಮಿತಿಗೂ ಸಂಬಂಧವಿಲ್ಲವೆಂದು ಬುಷ್ ಊರೂರು ತಿರುಗಿ ಹೇಳಲು ಅವಕಾಶವಾಯಿತು. ಈ ಮಾತಿಗೆ ಮಿತಿಗಳಿವೆ. ಬೇರ್ಪಡೆ ಪೂರ್ತಿಯಾಗಿರಲಿಲ್ಲ: ಸಿಕ್ಕಿಬಿದ್ದವರಲ್ಲಿ ಒಬ್ಬರಾದ ಜೇಮ್ಸ್ ಮೆಕಾರ್ಡ್ ಮರುಆಯ್ಕೆ ಸಮಿತಿಯ ಭದ್ರತಾ ಹೊಣೆಗಾರರಷ್ಟೇ ಅಲ್ಲ, ರಾಷ್ಟ್ರೀಯ ಸಮಿತಿಯ ಭದ್ರತೆಯ ಗುತ್ತಿಗೆಯೂ ಅವರದೇ. ಮತದಾರರು ಎರಡು ಸಮಿತಿಗಳ ನಡುವಿನ ಗೆರೆಯನ್ನು ಗೌರವಿಸಲೂ ಇಲ್ಲ. 1974ರ ಮಧ್ಯಾವಧಿಯಲ್ಲಿ ಡೆಮಾಕ್ರಟರಿಗೆ ಪ್ರತಿನಿಧಿ ಸಭೆಯಲ್ಲಿ 49 ಸ್ಥಾನ ಹೆಚ್ಚಾದವು. ಸಮಿತಿ ಉಳಿದದ್ದನ್ನು ಪಕ್ಷ ಉಳಿದದ್ದೆಂದು ಎಣಿಸಬಾರದು. ಅಲ್ಲದೆ, ತಾತ್ಸಾರದಿಂದ ಆದ ಒಳಿತನ್ನು ನೀತಿಯ ಖಾತೆಗೆ ಜಮಾ ಮಾಡಲಾಗದು. ನನ್ನ ವಾದಕ್ಕೆ ಇಷ್ಟು ಸಾಕು: 1974ರ ಆಗಸ್ಟ್ 7ರಂದು ರಾಜೀನಾಮೆ ಕೊಡಿ ಎಂದು ಅಧ್ಯಕ್ಷರಿಗೇ ಬರೆಯಲು ಪಕ್ಷದ ಮುಖ್ಯಸ್ಥರಿಗೆ ಸಾಧ್ಯವಾದದ್ದು ಅವರ ಕಾಲ ಕೆಳಗೆ ಶ್ವೇತಭವನದ್ದಲ್ಲದ ನೆಲ ಒಂದಿಷ್ಟು ಉಳಿದಿದ್ದರಿಂದ.

ಈ ಓದು ನಿಕ್ಸನ್ ಅವಧಿಗೆ ಸೀಮಿತ. ಇದರಿಂದ ಗ್ಯಾಲ್ವಿನ್ ಅವರ ಇಡೀ ವರ್ಗೀಕರಣ ಕುಸಿಯುವುದಿಲ್ಲ. ದಕ್ಷಿಣದ ರಾಜ್ಯ ಸಮಿತಿಗಳ ಕಾಗದಪತ್ರಗಳನ್ನು ಇದೇ ಪ್ರಶ್ನೆ ಹಿಡಿದು ನೋಡಿದರೆ ಮಿಸಿಸಿಪ್ಪಿ ವಾಡಿಕೆಯೋ ಅಪವಾದವೋ ಎಂಬುದು ಗಟ್ಟಿಯಾಗಬೇಕು. ಕಾನೂನಿನ ಕಡೆಯಿಂದಲೂ ಒಂದು ಪ್ರಶ್ನೆ ಉಳಿದಿದೆ. ಚುನಾವಣಾ ಹಣದ ಅದೇ ಕಾನೂನಿಗೆ 1974ರಲ್ಲಿ ಬಂದ ತಿದ್ದುಪಡಿ ಪ್ರತಿ ಅಭ್ಯರ್ಥಿಯೂ ತನ್ನದೊಂದು ಪ್ರಧಾನ ಪ್ರಚಾರ ಸಮಿತಿಯನ್ನು ಹೊಂದಬೇಕೆಂದು ವಿಧಿಸಿತಾದರೂ ಪಕ್ಷದ ನಾಮನಿರ್ದೇಶನ ಪಡೆದ ಅಧ್ಯಕ್ಷೀಯ ಅಭ್ಯರ್ಥಿ ರಾಷ್ಟ್ರೀಯ ಸಮಿತಿಯನ್ನೇ ಆ ಸ್ಥಾನಕ್ಕೆ ಹೆಸರಿಸಬಹುದೆಂಬ ಬಾಗಿಲನ್ನೂ ತೆರೆದಿಟ್ಟಿತು. ವಾಟರ್‌ಗೇಟ್ ಪಾಠ ಎಲ್ಲರ ಕಣ್ಣೆದುರಿಗಿದ್ದ 1976ರಲ್ಲಿ ಜೆರಾಲ್ಡ್ ಫೋರ್ಡ್ ಆ ಬಾಗಿಲಿನತ್ತ ಹೋಗದೆ ತಮ್ಮದೇ ಸಮಿತಿಯಿಂದ ಚುನಾವಣೆ ಎದುರಿಸಿದರು. ರೇಗನ್ ಒಡ್ಡಿದ ಸವಾಲು ಸಮಾವೇಶದ ತನಕ ಅದಕ್ಕೆ ಕಾರಣ ಒದಗಿಸುತ್ತದೆ. ಸಮಾವೇಶದ ನಂತರದ ತಿಂಗಳುಗಳಿಗೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.