ಮುಖ ಬೀದಿಗೆ, ಹೆಸರು ಉದ್ಯಾನಕ್ಕೆ: ಬಾಸ್ಟನ್ ಕಾಮನ್‌ನ ಷಾ ಸ್ಮಾರಕ

1634ರಲ್ಲಿ ಊರ ಗೋಮಾಳವಾಗಿ ಮೊದಲಾದ ಬಾಸ್ಟನ್ ಕಾಮನ್‌ನಲ್ಲಿ 1830ರವರೆಗೂ ಹಸುಗಳು ಮೇಯುತ್ತಿದ್ದವು. ಸುಮಾರು 50 ಎಕರೆಯ ಈ ಉದ್ಯಾನದ ದಿಬ್ಬದ ಮೇಲೆ ಅಮೆರಿಕದ ಅಂತರ್ಯುದ್ಧದ ಯೋಧರಿಗಾಗಿ 1877ರಲ್ಲಿ ನಿಲ್ಲಿಸಿದ ಎತ್ತರದ ಸ್ತಂಭವಿದೆ. ಕಣ್ಣಿಗೆ ಮೊದಲು ಬೀಳುವುದು ಅದೇ. ಆದರೆ ಸಂಶೋಧಕನಿಗೆ ಹೆಚ್ಚು ಕೆಲಸ ಕೊಡುವುದು ಉದ್ಯಾನದ ಅಂಚಿನಲ್ಲಿ, ಬೀಕನ್ ಬೀದಿಯಾಚೆಯ ಶಾಸನಭವನಕ್ಕೆ ಮುಖಮಾಡಿರುವ ಷಾ ಸ್ಮಾರಕದ ಕಂಚಿನ ಉಬ್ಬುಶಿಲ್ಪ. ಅದನ್ನು ಎಲ್ಲರೂ ಮುಂದಿನಿಂದ ಓದುತ್ತಾರೆ. ಹಿಂದಿನಿಂದಲೂ ಓದಬೇಕು ಎಂಬುದು ನನ್ನ ವಾದ.

ಆ ಶಿಲ್ಪದಲ್ಲಿ ಕಾಣುವ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟಿನ ಕಪ್ಪು ಸೈನಿಕರು 1863ರ ಮೇ 28ರಂದು ಇದೇ ಬೀದಿಯಲ್ಲಿ ಸಾಗಿ ಯುದ್ಧಕ್ಕೆ ಹೊರಟರು. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್. ಇವರಿಗೆ 10, ಅದರಲ್ಲೂ ಬಟ್ಟೆಯ ಬಾಬ್ತು 3 ಕಡಿತ. 1864ರಲ್ಲಿ ಸಮಾನ ವೇತನ ಮಂಜೂರಾಗುವ ತನಕ ಅವರು ಆ ಸಂಬಳ ಮುಟ್ಟಲೇ ಇಲ್ಲ. ಶತ್ರುಗಳ ಕೋಟೆ ಫೋರ್ಟ್ ವಾಗ್ನರ್ ಮೇಲೆ 1863ರ ಜುಲೈ 18ರಂದು ನಡೆದ ದಾಳಿಯಲ್ಲಿ 25ರ ಹರೆಯದ ಅವರ ಬಿಳಿಯ ಕರ್ನಲ್ ರಾಬರ್ಟ್ ಗೂಲ್ಡ್ ಷಾ ಸತ್ತ. ಅವಮಾನಿಸಲೆಂದೇ ಶತ್ರುಗಳು ಅವನನ್ನು ಅವನ ಸೈನಿಕರ ಜೊತೆ ಒಂದೇ ಗುಂಡಿಯಲ್ಲಿ ಹೂಳಿದರು. ಅಲ್ಲೇ ಇರಲಿ ಎಂದ ಅವನ ತಂದೆ.

ಸ್ಮಾರಕದ ಮಾತನ್ನು ಮೊದಲು ಎತ್ತಿದವರಲ್ಲಿ ಒಬ್ಬ ಬಾಸ್ಟನ್ನಿನ ಕಪ್ಪು ವ್ಯಾಪಾರಿ ಜೋಶುವಾ ಸ್ಮಿತ್. ಶಿಲ್ಪಿ ಆಗಸ್ಟಸ್ ಸೇಂಟ್-ಗಾಡೆನ್ಸ್ ಯೋಚಿಸಿದ್ದು ಷಾನೊಬ್ಬನ ಅಶ್ವಾರೂಢ ಪ್ರತಿಮೆಯನ್ನು. ಅದು ಸೇನಾಧಿಪತಿಗಳಿಗೆ ಸಲ್ಲುವ ಮರ್ಯಾದೆ, ನಮ್ಮ ಹುಡುಗನಿಗೆ ಬೇಡವೆಂದಿತು ಕುಟುಂಬ. ಸೈನಿಕರು ಕಂಚಿನೊಳಗೆ ಬಂದದ್ದು ಹೀಗೆ, ಒಂದು ಸಂಕೋಚದ ದೆಸೆಯಿಂದ! ಬಂದ ಮೇಲೆ ಮಾತ್ರ ಶಿಲ್ಪಿ ಅವರನ್ನು ಹಗುರವಾಗಿ ಕಾಣಲಿಲ್ಲ. ನಲವತ್ತರಷ್ಟು ತಲೆಗಳನ್ನು ಜೀವಂತ ಮಾದರಿಗಳಿಂದ ರೂಪಿಸಿದ. ಗಡ್ಡದ ಹಿರಿಯ, ಮೀಸೆ ಮೂಡದ ತಮಟೆಯ ಹುಡುಗ, ಒಬ್ಬರಂತೆ ಇನ್ನೊಬ್ಬರಿಲ್ಲ. ಆದರೂ ಅವು ಮಾದರಿಗಳ ಮುಖಗಳು, ಮಡಿದವರವಲ್ಲ.

1897ರ ಮೇ 31ರಂದು ಅನಾವರಣವಾದಾಗ ಹಿಂಬದಿಯ ಕಲ್ಲಿನಲ್ಲಿದ್ದ ಹೆಸರುಗಳು ಮಡಿದ ಬಿಳಿಯ ಅಧಿಕಾರಿಗಳವು ಮಾತ್ರ. ಮಡಿದ ಕಪ್ಪು ಸೈನಿಕರ ಹೆಸರು ಕೆತ್ತಿದ್ದು 1980ರ ದಶಕದಲ್ಲಿ. ಹಾಗಾಗಿ ಬೀದಿಯಿಂದ ಬಂದವನಿಗೆ ಸಿಗುವುದು ಹೆಸರಿಲ್ಲದ ಮುಖಗಳು, ಉದ್ಯಾನದಿಂದ ಮೆಟ್ಟಿಲೇರಿ ಬಂದವನಿಗೆ ಮುಖವಿಲ್ಲದ ಹೆಸರುಗಳು. ಇವೆರಡೂ ಕೂಡಿ ದೊರೆಯುವುದು ಷಾಗೆ ಮಾತ್ರ.

ವಾಗ್ನರ್‌ನಲ್ಲಿ ಗಾಯಗೊಂಡೂ ಧ್ವಜವನ್ನು ನೆಲಕ್ಕೆ ತಾಗಗೊಡದ ಸಾರ್ಜೆಂಟ್ ವಿಲಿಯಂ ಕಾರ್ನಿ ಅನಾವರಣಕ್ಕೆ ಬಂದಿದ್ದ. ಅವನಿಗೆ ಮೆಡಲ್ ಆಫ್ ಆನರ್ ಸಿಕ್ಕಿದ್ದು ಇನ್ನೂ ಮೂರು ವರ್ಷ ಕಳೆದು, 1900ರಲ್ಲಿ. ಬದುಕುಳಿದವನಾದ್ದರಿಂದ ಹಿಂಬದಿಯ ಪಟ್ಟಿಯಲ್ಲಿ ಅವನ ಹೆಸರಿಲ್ಲ.