ಮಾನಸಿಕ ಒತ್ತಡ ಮತ್ತು ಅಧಿಕ ರಕ್ತದೊತ್ತಡ

ಮಾನಸಿಕ ಒತ್ತಡ ಮತ್ತು ಅಧಿಕ ರಕ್ತದೊತ್ತಡಗಳ ಪರಸ್ಪರ ಸಂಬಂಧವು ಶರೀರಕ್ರಿಯಾಶಾಸ್ತ್ರ, ಮನೋವಿಜ್ಞಾನ ಹಾಗೂ ಹೃದ್ರೋಗ ವೈದ್ಯಶಾಸ್ತ್ರಗಳು ದೀರ್ಘಕಾಲದಿಂದ ಅಧ್ಯಯನ ಮಾಡುತ್ತಿರುವ ವಿಷಯ. ಭಯ, ಕೋಪ, ಆತಂಕ ಮೊದಲಾದವು ರಕ್ತದೊತ್ತಡವನ್ನು ತಾತ್ಕಾಲಿಕವಾಗಿ ಏರಿಸುತ್ತವೆ ಎಂಬುದು ನಿಸ್ಸಂದೇಹವಾಗಿ ಸಿದ್ಧಪಟ್ಟಿದೆ. ಆದರೆ ದಿನವೂ ಅನುಭವಿಸುವ ಒತ್ತಡವೊಂದೇ ಶಾಶ್ವತವಾದ ಅಧಿಕ ರಕ್ತದೊತ್ತಡವನ್ನು ಉಂಟುಮಾಡುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸರಳವಲ್ಲ. ಅನುವಂಶೀಯತೆ, ವಯಸ್ಸು, ಉಪ್ಪಿನ ಸೇವನೆ, ದೇಹತೂಕ ಮುಂತಾದ ಕಾರಣಗಳೊಂದಿಗೆ ಸೇರಿ ಕೆಲಸ ಮಾಡುವ ಒಂದು ಅಂಶವೆಂದು ಒತ್ತಡವನ್ನು ಇಂದು ಪರಿಗಣಿಸಲಾಗುತ್ತದೆ.

ಪದಗಳ ಅರ್ಥ

ರಕ್ತವು ಅಪಧಮನಿಗಳ ಗೋಡೆಯ ಮೇಲೆ ಹಾಕುವ ಒತ್ತಡವೇ ರಕ್ತದೊತ್ತಡ. ಇದನ್ನು ಎರಡು ಸಂಖ್ಯೆಗಳಲ್ಲಿ ಸೂಚಿಸುತ್ತಾರೆ. ಹೃದಯ ಸಂಕುಚಿಸಿದಾಗಿನ ಒತ್ತಡ ಮೊದಲನೆಯದು, ಹೃದಯ ವಿಕಸಿಸಿದಾಗಿನ ಒತ್ತಡ ಎರಡನೆಯದು. ವಯಸ್ಕರಲ್ಲಿ 120/80 ಮಿಲಿಮೀಟರ್ ಪಾದರಸಕ್ಕಿಂತ ಕಡಿಮೆ ಇರುವುದು ಆರೋಗ್ಯಕರ ಮಟ್ಟ. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಅಧಿಕ ರಕ್ತದೊತ್ತಡವೆಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಅಮೆರಿಕದ ಹೃದ್ರೋಗ ಸಂಸ್ಥೆಗಳು 2017ರಲ್ಲಿ ಈ ಮಿತಿಯನ್ನು 130/80ಕ್ಕೆ ಇಳಿಸಿದವು.

ಅಧಿಕ ರಕ್ತದೊತ್ತಡಕ್ಕೆ ಬಳಸುವ ‘ಹೈಪರ್‌ಟೆನ್ಷನ್’ ಎಂಬ ಪದದಿಂದ ಒಂದು ಗೊಂದಲ ಹುಟ್ಟಿಕೊಂಡಿದೆ. ಅಲ್ಲಿನ ‘ಟೆನ್ಷನ್’ ಸೂಚಿಸುವುದು ರಕ್ತನಾಳದೊಳಗಿನ ಒತ್ತಡವನ್ನು, ಮನಸ್ಸಿನ ಕಳವಳವನ್ನಲ್ಲ. ಕನ್ನಡದಲ್ಲಿ ಎರಡಕ್ಕೂ ‘ಒತ್ತಡ’ ಎಂಬ ಒಂದೇ ಪದವಿದೆ. ಸಿಟ್ಟು ಬಂದಾಗ ‘ಬಿ.ಪಿ. ಏರಿತು’ ಎನ್ನುವ ಆಡುಮಾತೂ ಇದೆ. ಇದರಿಂದಾಗಿ ಶಾಂತ ಸ್ವಭಾವದವರಿಗೆ ರಕ್ತದೊತ್ತಡ ಬರುವುದಿಲ್ಲವೆಂಬ ತಪ್ಪು ನಂಬಿಕೆ ಬೇರೂರಿದೆ.

ಇತಿಹಾಸ

ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಕುದುರೆಯ ಅಪಧಮನಿಗೆ ಕೊಳವೆ ಜೋಡಿಸಿ ರಕ್ತ ಏರುವ ಎತ್ತರವನ್ನು ಅಳೆದ ಪ್ರಯೋಗ 1733ರಲ್ಲಿ ಪ್ರಕಟವಾಯಿತು. ಮನುಷ್ಯರ ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಉಪಕರಣವನ್ನು ಇಟಲಿಯ ವೈದ್ಯ ಸಿಪಿಯೋನೆ ರಿವಾ-ರೊಚ್ಚಿ 1896ರಲ್ಲಿ ರೂಪಿಸಿದನು. ಸ್ಟೆತೊಸ್ಕೋಪಿನಿಂದ ನಾಡಿಯ ಸದ್ದು ಆಲಿಸಿ ಎರಡೂ ಸಂಖ್ಯೆಗಳನ್ನು ಗುರುತಿಸುವ ವಿಧಾನವನ್ನು ರಷ್ಯಾದ ನಿಕೊಲಾಯ್ ಕೊರೊಟ್ಕಾಫ್ 1905ರಲ್ಲಿ ಮಂಡಿಸಿದನು.

ಅಪಾಯ ಎದುರಾದಾಗ ದೇಹವು ಹೋರಾಟಕ್ಕೆ ಅಥವಾ ಪಲಾಯನಕ್ಕೆ ಸಿದ್ಧವಾಗುತ್ತದೆ ಎಂಬುದನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ 1915ರ ತನ್ನ ಗ್ರಂಥದಲ್ಲಿ ವಿವರಿಸಿದನು. ವಿಯೆನ್ನಾದಲ್ಲಿ ಹುಟ್ಟಿ ಕೆನಡಾದಲ್ಲಿ ಕೆಲಸ ಮಾಡಿದ ಹಾನ್ಸ್ ಸೆಲ್ಯೆ 1936ರಲ್ಲಿ, ಬೇರೆ ಬೇರೆ ಬಗೆಯ ಬಾಧೆಗಳಿಗೂ ದೇಹದ ಪ್ರತಿಕ್ರಿಯೆ ಒಂದೇ ತೆರನಾಗಿರುತ್ತದೆ ಎಂದು ತೋರಿಸಿದನು. ‘ಒತ್ತಡ’ದ ಕಲ್ಪನೆ ವೈದ್ಯವಿಜ್ಞಾನದಲ್ಲಿ ನೆಲೆಗೊಂಡದ್ದು ಮುಖ್ಯವಾಗಿ ಅವನ ಬರಹಗಳಿಂದ. ಮನೋವಿಶ್ಲೇಷಕ ಫ್ರಾನ್ಜ್ ಅಲೆಕ್ಸಾಂಡರ್, ಅದುಮಿಟ್ಟ ಕೋಪವೇ ಅಧಿಕ ರಕ್ತದೊತ್ತಡದ ಮೂಲವೆಂದು 1939ರಲ್ಲಿ ವಾದಿಸಿದನು. ರೋಗವನ್ನು ಒಂದೇ ಭಾವನೆಗೆ ಕಟ್ಟುವ ಈ ವಾದವು ಮುಂದೆ ಸ್ವೀಕಾರಾರ್ಹವಾಗಿ ಉಳಿಯಲಿಲ್ಲ.

ದೇಹದಲ್ಲಿ ನಡೆಯುವ ಕ್ರಿಯೆ

ಒತ್ತಡದ ಪ್ರಸಂಗದಲ್ಲಿ ಎರಡು ವ್ಯವಸ್ಥೆಗಳು ಜಾಗೃತವಾಗುತ್ತವೆ.

ಮೊದಲನೆಯದು ಅನುವೇದನಾ ನರವ್ಯೂಹ. ಮಿದುಳಿನ ಹೈಪೊಥಲಾಮಸ್ ಭಾಗದಿಂದ ಹೊರಟ ಸಂಕೇತಗಳು ಕ್ಷಣಮಾತ್ರದಲ್ಲಿ ಹೃದಯ, ರಕ್ತನಾಳ ಮತ್ತು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ತಲುಪುತ್ತವೆ. ನರತುದಿಗಳಿಂದ ನಾರ್‌ಅಡ್ರಿನಲಿನ್, ಗ್ರಂಥಿಯಿಂದ ಅಡ್ರಿನಲಿನ್ ಬಿಡುಗಡೆಯಾಗುತ್ತವೆ. ಹೃದಯದ ಬಡಿತ ಹೆಚ್ಚುತ್ತದೆ; ಚರ್ಮ ಮತ್ತು ಜೀರ್ಣಾಂಗಗಳ ಸಣ್ಣ ಅಪಧಮನಿಗಳು ಸಂಕುಚಿಸುತ್ತವೆ. ಪಂಪು ವೇಗವಾಗಿ, ಕೊಳವೆ ಕಿರಿದಾದರೆ ಒತ್ತಡ ಏರುವಂತೆ ಇಲ್ಲಿಯೂ ಆಗುತ್ತದೆ. ಮೂತ್ರಪಿಂಡವು ರೆನಿನ್ ಎಂಬ ಕಿಣ್ವವನ್ನು ಹೆಚ್ಚು ಸ್ರವಿಸುತ್ತದೆ; ಇದರ ಪರಿಣಾಮವಾಗಿ ಸೋಡಿಯಂ ಮತ್ತು ನೀರು ದೇಹದಲ್ಲಿ ಉಳಿಯುತ್ತವೆ.

ಎರಡನೆಯದು ಹೈಪೊಥಲಾಮಸ್, ಪಿಟ್ಯೂಟರಿ ಮತ್ತು ಅಡ್ರಿನಲ್ ಗ್ರಂಥಿಗಳ ಸರಣಿ. ಇದು ಸ್ವಲ್ಪ ನಿಧಾನವಾದುದು. ಇದರ ಕೊನೆಯ ಉತ್ಪನ್ನ ಕಾರ್ಟಿಸಾಲ್ ಹಾರ್ಮೋನು. ಕಾರ್ಟಿಸಾಲ್ ರಕ್ತನಾಳಗಳು ನಾರ್‌ಅಡ್ರಿನಲಿನ್‌ಗೆ ಹೆಚ್ಚು ಸ್ಪಂದಿಸುವಂತೆ ಮಾಡುತ್ತದೆ.

ಅಪಾಯ ಕಳೆದೊಡನೆ ಈ ಬದಲಾವಣೆಗಳು ಹಿಂದೆ ಸರಿಯುವುದು ಸಹಜ. ಕುತ್ತಿಗೆಯ ಅಪಧಮನಿಗಳಲ್ಲೂ ಮಹಾಪಧಮನಿಯಲ್ಲೂ ಇರುವ ಒತ್ತಡಗ್ರಾಹಕಗಳು ಏರಿದ ರಕ್ತದೊತ್ತಡವನ್ನು ಗುರುತಿಸಿ ತಗ್ಗಿಸುತ್ತವೆ. ಏರಿಕೆ ಪದೇ ಪದೇ ಆಗುತ್ತಿದ್ದರೆ ಈ ಗ್ರಾಹಕಗಳು ಹೆಚ್ಚಿನ ಮಟ್ಟಕ್ಕೇ ಹೊಂದಿಕೊಳ್ಳಬಹುದು. ಸಣ್ಣ ಅಪಧಮನಿಗಳ ಗೋಡೆ ದಪ್ಪವಾಗಿ ಒಳಹರವು ಕಿರಿದಾಗಬಹುದು. ಸ್ವೀಡನ್ನಿನ ಬ್ಯೋರ್ನ್ ಫೋಲ್ಕೊವ್ ರಕ್ತನಾಳಗಳ ಈ ರಚನಾತ್ಮಕ ಬದಲಾವಣೆಯನ್ನು ವಿಸ್ತಾರವಾಗಿ ಅಧ್ಯಯನ ಮಾಡಿದನು. ತಾತ್ಕಾಲಿಕ ಏರಿಕೆ ಶಾಶ್ವತವಾಗುವ ಸಂಭಾವ್ಯ ದಾರಿಯೆಂದು ಇದನ್ನು ಪರಿಗಣಿಸಲಾಗಿದೆ.

ಪ್ರಮುಖ ಅಧ್ಯಯನಗಳು

ವಿಮಾನ ಸಂಚಾರ ನಿಯಂತ್ರಕರು: ಅಮೆರಿಕದ ಸಿಡ್ನಿ ಕಾಬ್ ಮತ್ತು ರಾಬರ್ಟ್ ರೋಸ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಮಾನ ಸಂಚಾರ ನಿಯಂತ್ರಕರನ್ನು ವಿಮಾನ ಚಾಲಕ ಪರವಾನಗಿ ಪಡೆದ ಇತರರೊಂದಿಗೆ ಹೋಲಿಸಲಾಯಿತು. ನಿಯಂತ್ರಕರಲ್ಲಿ ಅಧಿಕ ರಕ್ತದೊತ್ತಡ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿತ್ತು. ಸಂಚಾರ ದಟ್ಟಣೆ ಹೆಚ್ಚಿರುವ ಕೇಂದ್ರಗಳಲ್ಲಿ ತೊಂದರೆಯೂ ಹೆಚ್ಚಾಗಿ ಕಂಡುಬಂತು.

ಇಟಲಿಯ ಸನ್ಯಾಸಿನಿಯರು: ಮಾರಿಯೊ ಟಿಮಿಯೊ ಮತ್ತು ಸಂಗಡಿಗರು ಏಕಾಂತ ಮಠವಾಸಿಗಳಾದ 144 ಕ್ರೈಸ್ತ ಸನ್ಯಾಸಿನಿಯರನ್ನೂ ಅದೇ ಪ್ರದೇಶದ 138 ಗೃಹಸ್ಥ ಮಹಿಳೆಯರನ್ನೂ ದಶಕಗಳ ಕಾಲ ಗಮನಿಸಿದರು. ಗೃಹಸ್ಥ ಮಹಿಳೆಯರ ರಕ್ತದೊತ್ತಡ ವಯಸ್ಸಿನೊಂದಿಗೆ ಏರುತ್ತ ಹೋಯಿತು; ಸನ್ಯಾಸಿನಿಯರಲ್ಲಿ ಬಹುಮಟ್ಟಿಗೆ ಸ್ಥಿರವಾಗಿ ಉಳಿಯಿತು. ಈ ವ್ಯತ್ಯಾಸಕ್ಕೆ ಮಠದ ಪ್ರಶಾಂತ ಜೀವನವೇ ಕಾರಣವಿರಬಹುದೆಂದು ಸಂಶೋಧಕರು ಅಭಿಪ್ರಾಯಪಟ್ಟರು. ಆದರೆ ಎರಡು ಗುಂಪುಗಳ ಬದುಕು ಅನೇಕ ರೀತಿಯಲ್ಲಿ ಭಿನ್ನವಾಗಿದ್ದುದರಿಂದ ಒತ್ತಡವೊಂದನ್ನೇ ಬೇರ್ಪಡಿಸಿ ಕಾರಣವೆಂದು ನಿರ್ಣಯಿಸುವುದು ಕಠಿಣ.

ಜಪಾನಿನ ಭೂಕಂಪ: 1995ರ ಜನವರಿ 17ರಂದು ಕೋಬೆ ನಗರ ಮತ್ತು ಅವಾಜಿ ದ್ವೀಪವನ್ನು ನಡುಗಿಸಿದ ಭೂಕಂಪದ ನಂತರ, ದ್ವೀಪದಲ್ಲಿದ್ದ ವೈದ್ಯ ಕಜುವೊಮಿ ಕಾರಿಯೊ ತನ್ನ ರೋಗಿಗಳ ರಕ್ತದೊತ್ತಡವನ್ನು ಗಮನಿಸಿದನು. ಮೊದಲ ಒಂದೆರಡು ವಾರ ಏರಿದ್ದ ಒತ್ತಡ, ಬಹುಪಾಲು ಮಂದಿಯಲ್ಲಿ ಮೂರರಿಂದ ಐದು ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಮರಳಿತು. ಮೂತ್ರದಲ್ಲಿ ಆಲ್ಬುಮಿನ್ ಸೋರಿಕೆಯಿದ್ದವರಲ್ಲಿ ಮಾತ್ರ ಅದು ಹೆಚ್ಚು ಕಾಲ ಉಳಿಯಿತು. ಒಂದೇ ಆಘಾತ ಎಲ್ಲರ ಮೇಲೂ ಒಂದೇ ಪರಿಣಾಮ ಬೀರುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ಸ್ವಭಾವದ ಪಾತ್ರ: ಅಮೆರಿಕದ ನಾಲ್ಕು ನಗರಗಳಲ್ಲಿ 18ರಿಂದ 30 ವರ್ಷದ ಯುವಜನರನ್ನು 15 ವರ್ಷ ಅನುಸರಿಸಿದ ಅಧ್ಯಯನದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಸದಾ ಅವಸರ, ಅಸಹನೆ ಮತ್ತು ಹಗೆತನದ ಸ್ವಭಾವವುಳ್ಳವರಲ್ಲಿ ಅಧಿಕ ರಕ್ತದೊತ್ತಡದ ಸಂಭವ ಹೆಚ್ಚಿತ್ತು. ಖಿನ್ನತೆ ಮತ್ತು ಆತಂಕಗಳಿಗೆ ಆ ಅಧ್ಯಯನದಲ್ಲಿ ಅಂತಹ ಸಂಬಂಧ ಕಾಣಲಿಲ್ಲ.

ಪರೋಕ್ಷ ಪರಿಣಾಮಗಳು

ಒತ್ತಡವು ಮನುಷ್ಯನ ನಡವಳಿಕೆಯ ಮೂಲಕವೂ ರಕ್ತದೊತ್ತಡವನ್ನು ಪ್ರಭಾವಿಸುತ್ತದೆ.

• ನಿದ್ರೆ ಕಡಿಮೆಯಾಗುತ್ತದೆ. ರಾತ್ರಿ ನಿದ್ರೆಯಲ್ಲಿ ಸಹಜವಾಗಿ ಇಳಿಯಬೇಕಾದ ರಕ್ತದೊತ್ತಡ ಸಾಕಷ್ಟು ಇಳಿಯುವುದಿಲ್ಲ.
• ಧೂಮಪಾನ ಮತ್ತು ಮದ್ಯಪಾನಗಳ ಕಡೆಗೆ ಒಲವು ಹೆಚ್ಚಬಹುದು.
• ಕರಿದ, ಉಪ್ಪು ಹೆಚ್ಚಿರುವ ತಿನಿಸುಗಳ ಸೇವನೆ ಹೆಚ್ಚಿ, ವ್ಯಾಯಾಮ ತಪ್ಪಿ, ದೇಹತೂಕ ಏರುತ್ತದೆ.
• ಔಷಧ ಸೇವನೆಯಲ್ಲಿ ಕ್ರಮ ತಪ್ಪುತ್ತದೆ.

ಬಿಳಿ ಕೋಟಿನ ರಕ್ತದೊತ್ತಡ

ವೈದ್ಯರ ಎದುರು ಅಳೆದಾಗ ಹೆಚ್ಚಾಗಿದ್ದು ಮನೆಯಲ್ಲಿ ಸಹಜವಾಗಿರುವ ರಕ್ತದೊತ್ತಡವನ್ನು ‘ಬಿಳಿ ಕೋಟಿನ ರಕ್ತದೊತ್ತಡ’ ಎನ್ನುತ್ತಾರೆ. ಇಟಲಿಯ ಜುಸೆಪ್ಪೆ ಮಾಂಚಿಯಾ ಮತ್ತು ಸಂಗಡಿಗರು ಆಸ್ಪತ್ರೆಯ ರೋಗಿಗಳ ರಕ್ತದೊತ್ತಡವನ್ನು ನಿರಂತರವಾಗಿ ದಾಖಲಿಸಿ 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ವೈದ್ಯರು ಹಾಸಿಗೆಯ ಬಳಿ ಬಂದ ಕೆಲವೇ ನಿಮಿಷಗಳಲ್ಲಿ ಮೇಲಿನ ಸಂಖ್ಯೆ ಸರಾಸರಿ 27, ಕೆಳಗಿನ ಸಂಖ್ಯೆ 15 ಮಿಲಿಮೀಟರಿನಷ್ಟು ಏರಿತ್ತು. ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು: ಚಿಕಿತ್ಸಾಲಯದಲ್ಲಿ ಸಹಜವಾಗಿದ್ದು, ಕೆಲಸದ ಸ್ಥಳದಲ್ಲಿ ಅಥವಾ ಮನೆಯಲ್ಲಿ ಏರಿರುವುದು. ಇದನ್ನು ‘ಮರೆಮಾಚಿದ ರಕ್ತದೊತ್ತಡ’ವೆಂದು ಕರೆಯಲಾಗುತ್ತದೆ. ಪರೀಕ್ಷೆಯಲ್ಲಿ ತಿಳಿಯದೆ ಉಳಿಯುವುದರಿಂದ ಇದು ಹೆಚ್ಚು ಅಪಾಯಕಾರಿ.

ಆದ್ದರಿಂದ ಒಂದೇ ಅಳತೆಯಿಂದ ರೋಗವನ್ನು ನಿರ್ಧರಿಸುವುದಿಲ್ಲ. ಅಳೆಯುವ ಮುನ್ನ ಅರ್ಧ ಗಂಟೆ ಕಾಫಿ, ಚಹಾ, ಧೂಮಪಾನ ಸಲ್ಲದು. ಮೂತ್ರ ವಿಸರ್ಜಿಸಿ, ಬೆನ್ನಿಗೆ ಆಸರೆಯಿಟ್ಟು ಐದು ನಿಮಿಷ ಮೌನವಾಗಿ ಕುಳಿತು, ತೋಳನ್ನು ಹೃದಯದ ಮಟ್ಟದಲ್ಲಿರಿಸಿ ಎರಡು ಮೂರು ಬಾರಿ ಅಳೆಯಬೇಕು. ಅಗತ್ಯವಿದ್ದರೆ 24 ಗಂಟೆಗಳ ಅಳತೆಯನ್ನು ವೈದ್ಯರು ಸೂಚಿಸುತ್ತಾರೆ.

ನಿರ್ವಹಣೆ

ಒತ್ತಡವನ್ನು ತಗ್ಗಿಸುವ ವಿಧಾನಗಳು ಚಿಕಿತ್ಸೆಗೆ ಪೂರಕವಾಗಿವೆ. ಭಾರತೀಯ ಮೂಲದ ವೈದ್ಯೆ ಚಂದ್ರಾ ಪಟೇಲ್ ಇಂಗ್ಲೆಂಡಿನಲ್ಲಿ ಯೋಗಾಧಾರಿತ ವಿಶ್ರಾಂತಿ ಮತ್ತು ಜೈವಿಕ ಮರುಮಾಹಿತಿ ವಿಧಾನಗಳನ್ನು ರಕ್ತದೊತ್ತಡದ ರೋಗಿಗಳ ಮೇಲೆ ಪ್ರಯೋಗಿಸಿ 1973ರಲ್ಲಿ ಉತ್ತೇಜಕ ಫಲಿತಾಂಶಗಳನ್ನು ಪ್ರಕಟಿಸಿದರು. ಧ್ಯಾನದ ಕುರಿತು ಅಲ್ಲಿಂದೀಚೆಗೆ ಅನೇಕ ಅಧ್ಯಯನಗಳು ನಡೆದಿವೆ. ಒಟ್ಟಾರೆಯಾಗಿ ಕಂಡುಬಂದಿರುವ ಇಳಿಕೆ ಸಾಧಾರಣ ಪ್ರಮಾಣದ್ದು. ಅದು ಔಷಧಕ್ಕೆ ಬದಲಿಯಾಗಲಾರದು.

ಉಪ್ಪನ್ನು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಬಳಸುವುದು, ವಾರಕ್ಕೆ ಕನಿಷ್ಠ 150 ನಿಮಿಷಗಳ ನಡಿಗೆಯಂತಹ ವ್ಯಾಯಾಮ, ತೂಕದ ನಿಯಂತ್ರಣ, ತಂಬಾಕು ವರ್ಜನೆ ಹಾಗೂ ವೈದ್ಯರು ಸೂಚಿಸಿದ ಔಷಧ ಚಿಕಿತ್ಸೆಯ ಆಧಾರಸ್ತಂಭಗಳು. ಭಾರತದಲ್ಲಿ 30 ವರ್ಷ ಮೀರಿದವರ ರಕ್ತದೊತ್ತಡ ತಪಾಸಣೆ ಸರ್ಕಾರಿ ಪ್ರಾಥಮಿಕ ಆರೋಗ್ಯ ವ್ಯವಸ್ಥೆಯ ಅಂಗವಾಗಿದೆ. ಮಾನಸಿಕ ತೊಂದರೆಗಳಿಗೆ ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ದೂರವಾಣಿ ಸೇವೆಯನ್ನು (14416) ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದಕ್ಕೆ ಮಾರ್ಗದರ್ಶಕ ಕೇಂದ್ರವಾಗಿದೆ.

ತಪ್ಪು ಕಲ್ಪನೆಗಳು

‘ಚಿಂತೆ ಇಲ್ಲದವರಿಗೆ ರಕ್ತದೊತ್ತಡವಿಲ್ಲ’: ಅಧಿಕ ರಕ್ತದೊತ್ತಡಕ್ಕೆ ಸಾಮಾನ್ಯವಾಗಿ ಯಾವ ಲಕ್ಷಣವೂ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಪ್ರಕಟಣೆಯಂತೆ ಜಗತ್ತಿನಲ್ಲಿ 30ರಿಂದ 79 ವರ್ಷ ವಯಸ್ಸಿನ ಸುಮಾರು 128 ಕೋಟಿ ಜನರಿಗೆ ಈ ತೊಂದರೆಯಿದ್ದು, ಅವರಲ್ಲಿ ಅರ್ಧದಷ್ಟು ಮಂದಿಗೆ ಅದರ ಅರಿವೇ ಇಲ್ಲ. ಮನಸ್ಸಿನ ನೆಮ್ಮದಿಯಿಂದ ರಕ್ತದೊತ್ತಡವನ್ನು ಊಹಿಸಲಾಗದು; ಅಳೆದೇ ತಿಳಿಯಬೇಕು.

‘ಚಿಂತೆ ಕಳೆದರೆ ಮಾತ್ರೆ ಬೇಡ’: ಮಗಳ ಮದುವೆ ಮುಗಿಯಿತು, ನಿವೃತ್ತಿಯಾಯಿತು, ಸಾಲ ತೀರಿತು ಎಂದು ಮಾತ್ರೆ ನಿಲ್ಲಿಸುವವರುಂಟು. ದಪ್ಪವಾದ ರಕ್ತನಾಳಗಳು ನೆಮ್ಮದಿ ಬಂದೊಡನೆ ಮೊದಲಿನಂತಾಗುವುದಿಲ್ಲ. ಕೆಲವು ಔಷಧಗಳನ್ನು ಏಕಾಏಕಿ ನಿಲ್ಲಿಸಿದರೆ ರಕ್ತದೊತ್ತಡ ಥಟ್ಟನೆ ಏರಬಲ್ಲದು. ಪಾರ್ಶ್ವವಾಯು, ಹೃದಯಾಘಾತ ಮತ್ತು ಮೂತ್ರಪಿಂಡ ವೈಫಲ್ಯದ ಅಪಾಯವಿರುವುದರಿಂದ, ಔಷಧದ ಪ್ರಮಾಣವನ್ನು ಇಳಿಸುವ ಅಥವಾ ನಿಲ್ಲಿಸುವ ತೀರ್ಮಾನವನ್ನು ಅಳತೆಗಳ ಆಧಾರದಲ್ಲಿ ವೈದ್ಯರೇ ಮಾಡಬೇಕು.

‘ಎಲ್ಲವೂ ಟೆನ್ಷನ್ನಿನಿಂದಲೇ’: ರೋಗಿಯ ಸ್ವಭಾವವನ್ನೇ ದೂರುವುದರಿಂದ ಉಪ್ಪು, ತೂಕ, ಮೂತ್ರಪಿಂಡದ ಕಾಯಿಲೆ ಮುಂತಾದ ಇತರ ಕಾರಣಗಳ ಶೋಧ ಹಿಂದೆ ಬೀಳುತ್ತದೆ.

ಇವನ್ನೂ ನೋಡಿ

• ರಕ್ತದೊತ್ತಡ
• ಹೃದಯಾಘಾತ
• ಪಾರ್ಶ್ವವಾಯು
• ಅಡ್ರಿನಲ್ ಗ್ರಂಥಿ
• ಧ್ಯಾನ