ಕುದುರೆ ಲಾಯದಲ್ಲಿ ಬಿರಿದ ಹಿತ್ತಾಳೆ

ಹೈದರಾಬಾದಿನ ತಾರ್ನಾಕದಲ್ಲಿ ಮೆಟ್ರೊ ಹತ್ತಿದರೆ ಮುಂದಿನ ನಿಲ್ದಾಣ ಮೆಟ್ಟುಗೂಡ, ಅದನ್ನು ದಾಟಿದರೆ ಸಿಕಂದರಾಬಾದ್. ಪಕ್ಕದಲ್ಲೇ ಉಸ್ಮಾನಿಯಾ ವಿಶ್ವವಿದ್ಯಾಲಯ. ನಿಜಾಮರ ಕಾಲದಲ್ಲಿ ಕಲಬುರಗಿ, ರಾಯಚೂರು, ಬೀದರಿನ ಹುಡುಗರು ದೊಡ್ಡ ಓದಿಗೆಂದು ಪೆಟ್ಟಿಗೆ ಕಟ್ಟಿಕೊಂಡು ಬಂದಿಳಿಯುತ್ತಿದ್ದ ಜಾಗ. ಪ್ರಯೋಗಾಲಯಗಳ ಬಡಾವಣೆ ಎಂದೇ ತಾರ್ನಾಕ ಈಗ ಹೆಸರುವಾಸಿ. ಆದರೆ ಹೈದರಾಬಾದಿನ ಮದ್ದುಗುಂಡಿನ ಕಥೆ ಇದರ ಅತ್ತ ಇತ್ತಲೇ ನಡೆದಿದೆ. ಒಂದು ಕಡೆ ಫಿರಂಗಿ ಎರಕ ಹೊಯ್ದ ಗನ್‌ಫೌಂಡ್ರಿ, ಇನ್ನೊಂದು ಕಡೆ ಅದನ್ನು ನಿಲ್ಲಿಸಿದವರ ದಂಡುಪ್ರದೇಶ.

ಗನ್‌ಫೌಂಡ್ರಿಯನ್ನು ಊರಿನವರು ತೋಪ್ ಕಾ ಸಾಂಚಾ ಎನ್ನುತ್ತಾರೆ. 1786ರಲ್ಲಿ ಇದನ್ನು ಕಟ್ಟಿಸಿದವನು ಫ್ರೆಂಚ್ ಸೇನಾನಿ ಮಿಶೆಲ್ ರೇಮಂಡ್. 1775ರಲ್ಲಿ ಪುದುಚೇರಿಗೆ ಬಂದಿಳಿದ ಈತ, ಮೈಸೂರಿನ ಪರವಾಗಿ ಇಂಗ್ಲಿಷರ ವಿರುದ್ಧ ಕಾದಾಡಿ, ಆಮೇಲೆ ನಿಜಾಮ್ ಅಲಿ ಖಾನನ ಚಾಕರಿಗೆ ಸೇರಿದ. ಫಿರಂಗಿಯ ಕಾಲದಲ್ಲಿ ಗುರಿಯ ಲೆಕ್ಕ ಒರಟಾಗಿತ್ತು. ಗುಂಡು ನಳಿಗೆಯೊಳಗೆ ಇಳಿಯಬೇಕು, ಹಾಗೆಂದು ಸಡಿಲವಾಗಿ ಅಲ್ಲಾಡಬಾರದು. ಸಡಿಲವಿದ್ದಷ್ಟೂ ಮದ್ದಿನ ಶಕ್ತಿ ಸಂದಿಯಲ್ಲೇ ಸೋರಿಹೋಗುತ್ತದೆ. ಅದಕ್ಕಾಗಿ ಗುಂಡುಗಳನ್ನು ಕಬ್ಬಿಣದ ಬಳೆಗಳಲ್ಲಿ ತೂರಿಸಿ ನೋಡಿ, ಒಂದೇ ಗಾತ್ರದವನ್ನು ಬೇರೆ ಮಾಡುವುದು ಫಿರಂಗಿ ಪಡೆಗಳ ರೂಢಿ. ಮದ್ದುಗುಂಡನ್ನು ವಿಂಗಡಿಸುವ ಚಾಳಿ ಅಷ್ಟು ಹಳೆಯದು.

ರೇಮಂಡ್ 1798ರ ಮಾರ್ಚ್‌ನಲ್ಲಿ ತೀರಿಕೊಂಡ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಿಜಾಮ ಇಂಗ್ಲಿಷರೊಂದಿಗೆ ಸಹಾಯಕ ಸೈನ್ಯದ ಒಪ್ಪಂದಕ್ಕೆ ಸಹಿ ಹಾಕಿದ, ಅಕ್ಟೋಬರ್‌ನಲ್ಲಿ ಫ್ರೆಂಚ್ ಪಡೆ ಆಯುಧ ಕೆಳಗಿಟ್ಟಿತು. ಹುಸೇನ್ ಸಾಗರದ ಉತ್ತರಕ್ಕೆ ಬೀಡುಬಿಟ್ಟ ಇಂಗ್ಲಿಷ್ ದಂಡಿನ ಜಾಗಕ್ಕೆ 1806ರಲ್ಲಿ ಸಿಕಂದರ್ ಜಾಹನ ಹೆಸರಿಟ್ಟು ಸಿಕಂದರಾಬಾದ್ ಎಂದು ಕರೆದರು. ದಂಡಿನ ಬಂದೂಕಿಗೆ ಗುಂಡು ಇನ್ನು ಹೊರಗಿನಿಂದ ಬರಬೇಕಾಯಿತು. ಮದ್ದುಗುಂಡಿನ ಕಾರ್ಖಾನೆಗಳು ಇದ್ದದ್ದು ಕಲ್ಕತ್ತದ ಬಳಿಯ ಡಂಡಂನಲ್ಲಿ, 1869ರಿಂದ ಪುಣೆಯ ಪಕ್ಕದ ಖಡ್ಕಿಯಲ್ಲಿ.

ಅಷ್ಟರಲ್ಲಿ ಗುಂಡಿನ ರೂಪವೇ ಬದಲಾಗಿತ್ತು. ಕೇಪಿನ ಕೋವಿಯನ್ನು ಕಂಡ ಮಲೆನಾಡಿನವರಿಗೆ ಹಳೆಯ ಕ್ರಮವನ್ನು ವಿವರಿಸಬೇಕಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಚಿಂದಿ ತುರುಕಿ, ಚರೆ ಇಳಿಸಿ, ಗಜದಿಂದ ಜಡಿಯಬೇಕು. ಪ್ರತಿ ಈಡೂ ತುಂಬುವವನ ಕೈಯಳತೆ. 1866ರಲ್ಲಿ ಬ್ರಿಟಿಷ್ ಸೇನೆ ಹಿಂದಿನಿಂದ ತುಂಬುವ ಸ್ನೈಡರ್ ಬಂದೂಕನ್ನು ಒಪ್ಪಿಕೊಂಡಿತು. ಅದಕ್ಕೆ ತೋಟೆ ರೂಪಿಸಿದವನು ವುಲಿಚ್‌ನ ಎಡ್ವರ್ಡ್ ಬಾಕ್ಸರ್. ತೆಳು ಹಿತ್ತಾಳೆ ಹಾಳೆಯನ್ನು ಸುರುಳಿ ಸುತ್ತಿ ಮಾಡಿದ ಅವನ ತೋಟೆ ಕೈಗೆ ಹಗುರವಾಗಿತ್ತು, ಆದರೆ ಬಿಸಿಗೂ ಮರಳಿಗೂ ಸಿಕ್ಕಿದಾಗ ಕೈಕೊಡುತ್ತಿತ್ತು. 1884–85ರ ಸೂಡಾನ್ ಕಾಳಗದಲ್ಲಿ ಅಂಥದ್ದೇ ತೋಟೆ ಬಳಸುತ್ತಿದ್ದ ಮಾರ್ಟಿನಿ ಬಂದೂಕುಗಳು ತೋಟೆ ಸಿಕ್ಕಿಕೊಂಡು ಕೆಟ್ಟು ನಿಂತದ್ದು ದೊಡ್ಡ ಗದ್ದಲವಾಯಿತು. ಆಮೇಲೆ ಉಳಿದದ್ದು ಒಂದೇ ತುಂಡಿನಿಂದ ಎಳೆದ ಗಟ್ಟಿ ಹಿತ್ತಾಳೆಯ ತೋಟೆ.

ಅದನ್ನು ಮಾಡುವ ಬಗೆ ನೋಡುವಂಥದ್ದು. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಬೆರೆತ ತಗಡಿನಿಂದ ಬಿಲ್ಲೆ ಕತ್ತರಿಸಿ, ಒತ್ತಿ ಬಟ್ಟಲು ಮಾಡುತ್ತಾರೆ. ಆ ಬಟ್ಟಲನ್ನು ಒಂದರ ನಂತರ ಒಂದು ಅಚ್ಚಿನಲ್ಲಿ ತೂರಿಸಿ ಉದ್ದಕ್ಕೆ ಎಳೆಯುತ್ತಾರೆ. ಎಳೆದಂತೆಲ್ಲ ಹಿತ್ತಾಳೆ ಗಡುಸಾಗುತ್ತದೆ, ಹಾಗಾಗಿ ನಡುನಡುವೆ ಕಾಯಿಸಿ ಮೆದುಗೊಳಿಸಬೇಕು. ಬುಡಕ್ಕೆ ಕಾರ್ಖಾನೆಯ ಗುರುತು ಒತ್ತಿ, ಕೊನೆಗೆ ಮೇಲ್ಭಾಗವನ್ನು ಹಿಂಡಿ ಕತ್ತು ಮಾಡುತ್ತಾರೆ. ಗುಂಡನ್ನು ಹಿಡಿದುಕೊಳ್ಳುವುದು ಈ ಕತ್ತೇ.

ಇಂಥ ತೋಟೆಗಳು ಭಾರತದಲ್ಲಿ ಒಂದು ವಿಚಿತ್ರ ರೋಗಕ್ಕೆ ಬಿದ್ದವು. ಮಳೆಗಾಲದಲ್ಲಿ ದಂಡುಗಳ ಚಟುವಟಿಕೆ ತಗ್ಗುತ್ತಿತ್ತು, ಮದ್ದುಗುಂಡಿನ ಪೆಟ್ಟಿಗೆಗಳು ಕುದುರೆ ಲಾಯಗಳಲ್ಲಿ ಬಿದ್ದಿರುತ್ತಿದ್ದವು. ಮಳೆ ಬಿಟ್ಟ ಮೇಲೆ ತೆರೆದು ನೋಡಿದರೆ ತೋಟೆಗಳ ಕತ್ತು ಬಿರಿದಿರುತ್ತಿತ್ತು. ಯಾರೂ ಮುಟ್ಟಿಲ್ಲ, ಎತ್ತಿ ಹಾಕಿಲ್ಲ, ಆದರೂ ಹಿತ್ತಾಳೆ ಉದ್ದಕ್ಕೆ ಸೀಳಿದೆ. ಇಂಗ್ಲಿಷರು ಅದನ್ನು ಋತುವಿನ ಬಿರುಕು ಎಂದರು.

ಕಾರಣ ಗೊತ್ತಾದದ್ದು 1921ರಲ್ಲಿ. ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಲೋಹತಜ್ಞರು ಗುಟ್ಟು ಬಿಡಿಸಿದರು. ಕುದುರೆ ಗಂಜಲದಿಂದ ಏಳುವ ಅಮೋನಿಯಾ ಮಳೆಗಾಲದ ತೇವದ ಗಾಳಿಯಲ್ಲಿ ಸೇರಿ ಹಿತ್ತಾಳೆಯ ತಾಮ್ರವನ್ನು ಕರಗಿಸುತ್ತಿತ್ತು. ಆದರೆ ಅಮೋನಿಯಾ ಒಂದರಿಂದಲೇ ತೋಟೆ ಬಿರಿಯುವುದಿಲ್ಲ. ಕತ್ತು ಹಿಂಡುವಾಗ ಲೋಹದೊಳಗೆ ಬಿಗಿತ ಉಳಿದಿರಬೇಕು, ಹೊರಗಿನಿಂದ ಅಮೋನಿಯಾ ತಾಗಬೇಕು. ಎರಡೂ ಕೂಡಿದಾಗಲೇ ಬಿರುಕು. ಪರಿಹಾರವೂ ಸರಳವಾಗಿತ್ತು: ತೋಟೆಯನ್ನು ಹದವಾಗಿ ಕಾಯಿಸಿ ಒಳಗಿನ ಬಿಗಿತ ಕಳೆಯುವುದು. ಬಿಗಿತ ಉಳಿದಿದೆಯೋ ಇಲ್ಲವೋ ತಿಳಿಯಲು ಪಾದರಸದ ನೈಟ್ರೇಟ್ ದ್ರಾವಣದಲ್ಲಿ ತೋಟೆಯನ್ನು ಅದ್ದುತ್ತಾರೆ. ಹದ ತಪ್ಪಿದ್ದರೆ ಸ್ವಲ್ಪ ಹೊತ್ತಿನಲ್ಲೇ ಸೀಳು ಕಾಣುತ್ತದೆ. ಸೇನೆಯ ತೋಟೆಗಳ ಕತ್ತಿನ ಸುತ್ತ ಇಂದಿಗೂ ಕಾಣುವ ನೀಲಿ–ಕಂದು ಛಾಯೆ ಆ ಕಾವಿನ ಗುರುತು.

ಹಿತ್ತಾಳೆ ತನ್ನ ಮೇಲೆ ನಡೆದದ್ದನ್ನೆಲ್ಲ ಒಳಗೇ ಇಟ್ಟುಕೊಳ್ಳುತ್ತದೆ. ಹಾಗಾಗಿ ತೋಟೆಯಿಂದ ತೋಟೆಗೆ ಇರುವ ವ್ಯತ್ಯಾಸ ಗುರಿಕಾರರಿಗೂ ಮುಖ್ಯ. ಅಮೆರಿಕದಲ್ಲಿ ಬಳಸಿದ ತೋಟೆಯನ್ನು ಮನೆಯಲ್ಲೇ ಮತ್ತೆ ತುಂಬುವುದು ದೊಡ್ಡ ಹವ್ಯಾಸ. ಮ್ಯಾಸಚೂಸೆಟ್ಸಿನ ವೈದ್ಯ ಫ್ರಾಂಕ್ಲಿನ್ ಮ್ಯಾನ್ ಗುಂಡು ನಳಿಗೆ ಬಿಟ್ಟು ಗುರಿ ಮುಟ್ಟುವವರೆಗೆ ಏನೇನಾಗುತ್ತದೆ ಎಂದು ವರ್ಷಗಟ್ಟಲೆ ಪರೀಕ್ಷಿಸಿ 1909ರಲ್ಲಿ ಪುಸ್ತಕವನ್ನೇ ತಂದ. ಅಂಥವರ ದಾರಿಯಲ್ಲಿ ನಡೆದವರು ತೋಟೆಗಳನ್ನು ಮೊದಲು ಬುಡದ ಗುರುತಿನ ಪ್ರಕಾರ ಬೇರೆ ಮಾಡುತ್ತಾರೆ. ಖಡ್ಕಿಯ ತೋಟೆಯಾದರೆ ಕೆ, ಎಫ್ ಅಕ್ಷರಗಳ ಜೊತೆ ವರ್ಷವೂ ಇರುತ್ತದೆ. ಆಮೇಲೆ ತಕ್ಕಡಿ. ಪ್ರಸಿದ್ಧ .308 ರೈಫಲಿನ ಖಾಲಿ ತೋಟೆ ಕಂಪನಿಯಿಂದ ಕಂಪನಿಗೆ ಸುಮಾರು 155ರಿಂದ 180 ಗ್ರೇನ್ ತೂಗುತ್ತದೆ. ಒಂದು ಗ್ರೇನ್ ಎಂದರೆ 65 ಮಿಲಿಗ್ರಾಂ, ಅಕ್ಕಸಾಲಿಗರ ಗುಲಗಂಜಿಯ ಅರ್ಧದಷ್ಟು. ಹೊರಗಿನ ಅಳತೆ ಒಂದೇ ಆಗಿದ್ದು ತೂಕ ಹೆಚ್ಚಿದ್ದರೆ ಗೋಡೆ ದಪ್ಪ, ಒಳಗಿನ ಜಾಗ ಕಡಿಮೆ. ಅಷ್ಟೇ ಮದ್ದು ಹಾಕಿದರೂ ಒತ್ತಡ ಏರುತ್ತದೆ, ಗುಂಡಿನ ವೇಗ ಬದಲಾಗುತ್ತದೆ, ದೂರದ ಗುರಿಯಲ್ಲಿ ಗುಂಡು ಮೇಲೋ ಕೆಳಗೋ ಬೀಳುತ್ತದೆ.

ತೂಕವನ್ನು ಪೂರ್ತಿ ನಂಬದವರೂ ಇದ್ದಾರೆ. ಹೆಚ್ಚಿನ ತೂಕ ಬುಡದ ಅಂಚಿನಲ್ಲಿ ಸೇರಿದ್ದರೆ ಒಳಗಿನ ಜಾಗಕ್ಕೇನೂ ಆಗದು ಎನ್ನುವುದು ಅವರ ತಕರಾರು. ಅವರು ತೋಟೆಗೆ ನೀರು ತುಂಬಿ ತೂಗುತ್ತಾರೆ, ಕತ್ತಿನ ಗೋಡೆಯನ್ನು ಮೈಕ್ರೋಮೀಟರ್ ಹಿಡಿದು ಸುತ್ತಲೂ ಅಳೆಯುತ್ತಾರೆ. ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳುವಾದ ಕತ್ತು ಗುಂಡನ್ನು ಓರೆಯಾಗಿ ಹಿಡಿಯುತ್ತದೆ.

ಭಾರತದಲ್ಲಿ ತೋಟೆ ಮತ್ತೆ ತುಂಬುವ ಈ ಹವ್ಯಾಸ ಬೇರೂರಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದನ್ನು ಒಪ್ಪುವುದಿಲ್ಲ, .303 ತೋಟೆ ಸಾರ್ವಜನಿಕರಿಗೆ ನಿಷಿದ್ಧ. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಕೊಡಗಿನವರೂ ಅಂಗಡಿಯ ತೋಟೆಯನ್ನೇ ನೆಚ್ಚಿಕೊಂಡಿದ್ದಾರೆ. ಎನ್‌ಸಿಸಿ ಕೆಡೆಟ್‌ಗಳು ಫೈರಿಂಗ್ ಮುಗಿದ ಮೇಲೆ ನೆಲದಲ್ಲಿ ಬಿದ್ದ ಖೋಖಾಗಳನ್ನು, ಅಂದರೆ ಖಾಲಿ ತೋಟೆಗಳನ್ನು, ಹೆಕ್ಕುವುದುಂಟು. ಅದು ಲೆಕ್ಕ ಒಪ್ಪಿಸಲು. ಕೊಟ್ಟಷ್ಟು ಗುಂಡಿಗೆ ಅಷ್ಟೇ ಖೋಖಾ ಸಿಗದಿದ್ದರೆ ಹುಲ್ಲೆಲ್ಲ ಜಾಲಾಡಬೇಕು. ಅಲ್ಲಿ ಎಣಿಕೆಯಿದೆ, ತಕ್ಕಡಿಯಿಲ್ಲ.

ಆದರೂ ವಿಂಗಡಣೆ ನಿಂತಿಲ್ಲ, ಬೇರೆ ದಾರಿ ಹಿಡಿದಿದೆ. ಹೈದರಾಬಾದಿನಲ್ಲಿ ಬೆಳೆದ ಗಗನ್ ನಾರಂಗ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಅದಕ್ಕೆ ತೋಟೆಯೇ ಬೇಡ, ಸೀಸದ ಪೆಲೆಟ್ ಸಾಕು. ಆ ಪೆಲೆಟ್ಟುಗಳೂ 4.49, 4.50 ಮಿಲಿಮೀಟರ್ ಎಂದು ತಲೆಯ ಅಳತೆಯ ಪ್ರಕಾರ ಬೇರೆ ಬೇರೆ ಡಬ್ಬಿಗಳಲ್ಲಿ ಬರುತ್ತವೆ. 50 ಮೀಟರ್ ಸ್ಪರ್ಧೆಯ .22 ಗುಂಡಿನಲ್ಲಿ ಸಿಡಿಮದ್ದು ಬುಡದ ಅಂಚಿನೊಳಗೇ ಇರುವುದರಿಂದ ಖಾಲಿ ತೋಟೆ ಮತ್ತೆ ತುಂಬಲು ಬಾರದು. ಅಲ್ಲಿ ಆರಿಸುವುದು ತೋಟೆಯನ್ನಲ್ಲ, ಲಾಟನ್ನು, ಅಂದರೆ ಒಂದೇ ಸಲಕ್ಕೆ ತಯಾರಾದ ಗುಂಡುಗಳ ಕಂತನ್ನು. ಶೂಟರ್‌ಗಳು ತಮ್ಮ ರೈಫಲನ್ನು ಹೊತ್ತು ಜರ್ಮನಿಯ ಶೋನೆಬೆಕ್‌ನಲ್ಲಿರುವ ಲಾಪುವಾ ಗುಂಡು ಕಂಪನಿಯ ಕೇಂದ್ರಕ್ಕೋ ಇಂಗ್ಲೆಂಡಿನ ಈಲಿ ಕಾರ್ಖಾನೆಗೋ ಹೋಗುತ್ತಾರೆ. ಅಲ್ಲಿ ರೈಫಲನ್ನು ಅಲುಗಾಡದಂತೆ ಇಕ್ಕಳದಲ್ಲಿ ಬಿಗಿದು, ಒಂದೊಂದು ಲಾಟಿನ ಗುಂಡನ್ನೂ 50 ಮೀಟರ್ ದೂರಕ್ಕೆ ಹಾರಿಸಿ, ರಂಧ್ರಗಳು ಎಷ್ಟು ಒತ್ತಾಗಿ ಬಿದ್ದವು ಎಂದು ಅಳೆಯುತ್ತಾರೆ. ಒಂದೇ ಕಾರ್ಖಾನೆಯ, ಒಂದೇ ಹೆಸರಿನ ಗುಂಡಾದರೂ ಒಂದು ನಳಿಗೆಗೆ ಒಗ್ಗಿದ ಲಾಟು ಇನ್ನೊಂದಕ್ಕೆ ಒಗ್ಗದು. ಒಗ್ಗಿದ ಲಾಟಿನಲ್ಲಿ ಕೈಲಾದಷ್ಟು ಪೆಟ್ಟಿಗೆ ಕೊಂಡಿಟ್ಟುಕೊಳ್ಳುತ್ತಾರೆ. ಅದು ಮುಗಿದರೆ ಪರೀಕ್ಷೆ ಮತ್ತೆ ಮೊದಲಿನಿಂದ.